ರಾಜಕೀಯ ನಿರ್ಧಾರಗಳಲ್ಲಿ ತತ್ತ್ವ ಮುಖ್ಯವೋ, ವ್ಯವಹಾರಜ್ಞಾನ ಮುಖ್ಯವೋ?

ಎರಡೂ ಬೇಕು, ಆದರೆ ರಾಜಿ ಮಾಡಿಕೊಂಡ ಮೇಲೂ ಗುರಿಯತ್ತ ಕೆಲಸ ಮುಂದುವರಿಯಿತೇ ಎಂಬುದರಿಂದಲೇ ಅದು ವಿವೇಕವೋ ಅವಕಾಶವಾದವೋ ಎಂದು ನಾನು ಅಳೆಯುತ್ತೇನೆ. ಅಮೆರಿಕದ ಅಂತರ್ಯುದ್ಧದ ನಡುವೆ ಅಧ್ಯಕ್ಷ ಅಬ್ರಹಾಂ ಲಿಂಕನ್ 1863ರ ಜನವರಿ 1ರಂದು ಹೊರಡಿಸಿದ, ಬಂಡೆದ್ದ ಪ್ರದೇಶಗಳ ಗುಲಾಮರು ಸ್ವತಂತ್ರರೆಂದು ಸಾರಿದ ವಿಮೋಚನಾ ಘೋಷಣೆಯನ್ನೇ ನೋಡಿ. ಗುಲಾಮಗಿರಿ ತಪ್ಪೆಂದು ದೃಢವಾಗಿ ನಂಬಿದ್ದರೂ, ಗುಲಾಮಗಿರಿಯಿದ್ದೂ ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮಿಸೌರಿಯಂಥ ರಾಜ್ಯಗಳು ಬಂಡಾಯದ ಪಾಳೆಯ ಸೇರಿದರೆ ಯುದ್ಧವೇ ಕೈತಪ್ಪೀತೆಂಬ ಆತಂಕವಿದ್ದುದರಿಂದ ಮತ್ತು ತಮ್ಮ ಯುದ್ಧಕಾಲದ ಅಧಿಕಾರ ಬಂಡೆದ್ದ ಪ್ರದೇಶಗಳಿಗಷ್ಟೇ ಸಲ್ಲುತ್ತದೆಂದು ಭಾವಿಸಿದ್ದರಿಂದ, ಅವರು ಆ ರಾಜ್ಯಗಳನ್ನು ಘೋಷಣೆಯಿಂದ ಹೊರಗಿಟ್ಟರು. ಅಲ್ಲಿನ ಗುಲಾಮರ ಪಾಲಿಗೆ ಇದು ಘೋರ ಅನ್ಯಾಯವೇ. ಅದನ್ನು ಮರೆತು ಈ ರಾಜಿಯನ್ನು ಹೊಗಳಲು ನನ್ನ ಮನಸ್ಸೊಪ್ಪದು. ಆದರೆ ಲಿಂಕನ್ ಅಲ್ಲಿಗೇ ನಿಲ್ಲದೆ, ಗುಲಾಮಗಿರಿಯನ್ನು ದೇಶದಾದ್ಯಂತ ರದ್ದುಗೊಳಿಸುವ ಸಂವಿಧಾನದ 13ನೇ ತಿದ್ದುಪಡಿಗೆ 1865ರ ಜನವರಿಯಲ್ಲಿ ಕೆಳಮನೆಯ ಒಪ್ಪಿಗೆ ದೊರಕಿಸಲು ಪಟ್ಟುಹಿಡಿದು ಶ್ರಮಿಸಿದರು. ಅದು ಅಗತ್ಯ ಸಂಖ್ಯೆಯ ರಾಜ್ಯಗಳಿಂದ ಅಂಗೀಕಾರಗೊಂಡು ಕೆಂಟಕಿಯ ಗುಲಾಮರೂ ಬಿಡುಗಡೆ ಹೊಂದಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ಲಿಂಕನ್ ಹತ್ಯೆಯಾದ ಬಳಿಕ.