ಒಂದು ಪುಟ್ಟ ಪೆಟ್ಟಿಗೆಯಿಂದ ಶುರುಮಾಡಿ

ಲಂಡನ್ನಿನಿಂದ ಪತ್ರ ಬರೆದ ಸಹೋದರಿಗೆ ನಮಸ್ಕಾರ.

ಜನವರಿ 27, ಹೋಲೊಕಾಸ್ಟ್ ಸ್ಮರಣೆಯ ದಿನ. ಹಿಟ್ಲರನ ನಾಜಿ ಪಕ್ಷದ ಆಡಳಿತ ಯಹೂದಿಗಳನ್ನು ಸಾಮೂಹಿಕವಾಗಿ ಕೊಂದದ್ದನ್ನು ನೆನೆಯುವ ದಿನ. ಶಾಲೆಯಿಂದ ಬಂದ ನಿಮ್ಮ ಮಗಳು, ‘ಅಮ್ಮಾ, ಆ ಮಕ್ಕಳನ್ನೆಲ್ಲ ಯಾಕೆ ಕೊಂದರು?’ ಎಂದು ಕೇಳಿದಳು. 9 ವರ್ಷದವಳಿಗೆ ಇದನ್ನು ಹೇಳಬಹುದಾ ಎಂಬುದು ನಿಮ್ಮ ಪ್ರಶ್ನೆ.

ಹೇಳಿ. ನಾವು ಮಾತು ತಪ್ಪಿಸಿದರೆ ಅವಳು ಮೊಬೈಲಿನಲ್ಲಿ ಹುಡುಕುತ್ತಾಳೆ. ಅಲ್ಲಿ ಸಿಗುವ ಹೆಣಗಳ ಫೋಟೊ ಈ ವಯಸ್ಸಿಗೆ ಖಂಡಿತ ಬೇಡ. ಸತ್ತ ಯಹೂದಿಗಳು 60 ಲಕ್ಷ ಎಂಬ ಲೆಕ್ಕವೂ ಈಗಲೇ ಬೇಡ. ಇಂಗ್ಲೆಂಡಿನಲ್ಲೂ ಈ ಪಾಠ ಕಡ್ಡಾಯವಾಗಿರುವುದು 11ರಿಂದ 14 ವರ್ಷದವರಿಗೆ.

ಅವಳಿಗೆ ಈ ಕಥೆಯಿಂದ ಶುರುಮಾಡಿ. 1938ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ನಾಜಿಗಳು ಯಹೂದಿಗಳ ಅಂಗಡಿ ಒಡೆದರು, ಪ್ರಾರ್ಥನಾ ಮಂದಿರ ಸುಟ್ಟರು. ಮುಂದಿನ ತಿಂಗಳಿಂದ ಅಪ್ಪ ಅಮ್ಮಂದಿರು ಮಕ್ಕಳನ್ನಷ್ಟೇ ರೈಲು, ಹಡಗು ಹತ್ತಿಸಿ ಬ್ರಿಟನ್ನಿಗೆ ಕಳಿಸತೊಡಗಿದರು. ಯುದ್ಧ ಶುರುವಾಗುವಷ್ಟರಲ್ಲಿ ಸುಮಾರು 10,000 ಮಕ್ಕಳು ಬಂದಿದ್ದರು. ಕೊರಳಲ್ಲಿ ನಂಬರಿನ ಚೀಟಿ, ಕೈಯಲ್ಲೊಂದು ಪುಟ್ಟ ಪೆಟ್ಟಿಗೆ. ನಿಮ್ಮೂರಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲೇ ಆ ಮಕ್ಕಳ ಪ್ರತಿಮೆಗಳಿವೆ. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಅವಳ ಕಣ್ಣು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮಾತು ಶುರುಮಾಡಿ. ‘ನೀನೇ ಆ ಹುಡುಗಿ ಅಂದ್ಕೋ’ ಎಂದು ಮಾತ್ರ ದಯವಿಟ್ಟು ಹೇಳಬೇಡಿ. ‘ನೀವೂ ನನ್ನನ್ನ ಕಳಿಸಿಬಿಡ್ತೀರಾ?’ ಎಂದು ಅವಳು ರಾತ್ರಿ ಎದ್ದು ಕೂರುವುದು ಬೇಡ.

ಅವರ ಅಪ್ಪ ಅಮ್ಮ ಆಮೇಲೆ ಬಂದರಾ ಅಂತ ಕೇಳೇ ಕೇಳುತ್ತಾಳೆ. ಸುಳ್ಳು ಹೇಳಬೇಡಿ. ‘ಕೆಲವರು ಸಿಕ್ಕರು. ತುಂಬಾ ಜನರನ್ನು ನಾಜಿಗಳು ಕೊಂದರು’ ಎನ್ನಿ. ಹೇಗೆ ಕೊಂದರು ಎಂಬುದು ಈಗ ಬೇಡ. ಯಾಕೆ ಎಂದರೆ, ಯಹೂದಿಗಳದು ಏನೂ ತಪ್ಪಿರಲಿಲ್ಲ ಎಂದು ಮೊದಲು ಹೇಳಿ. ಏಟು ತಿಂದವರು ಏನೋ ಮಾಡಿರಬೇಕು ಅಂದುಕೊಳ್ಳುವುದು ಮಕ್ಕಳಿಗೆ ಸಹಜ ಅಲ್ವಾ? ಹಿಟ್ಲರ್ ಒಬ್ಬನ ಕಥೆಯನ್ನೂ ಮಾಡಬೇಡಿ. ಯಹೂದಿ ಮಕ್ಕಳಿಗೆ ಈ ಶಾಲೆಗೆ ಬರಬೇಡ ಎಂದರು, ಪಾರ್ಕಿನ ಈ ಬೆಂಚಿನ ಮೇಲೆ ಕೂರಬೇಡ ಎಂದರು. ನೋಡಿದವರಲ್ಲಿ ಬಹಳ ಜನ ಸುಮ್ಮನಿದ್ದರು. ಇದು ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ನೀವು ಕೇಳದ ಒಂದು ವಿಷಯ. ನಿಮ್ಮ ದೇವರ ಮನೆಯಲ್ಲಿ ಸ್ವಸ್ತಿಕ ಇರಬಹುದು. ಅಂಥದೇ ಗುರುತನ್ನು ನಾಜಿ ಬಾವುಟದಲ್ಲಿ ನೋಡಿದರೆ ಮಗಳು ಗಾಬರಿಯಾದಾಳು. ನಮ್ಮದು ಅದಕ್ಕಿಂತ ಎಷ್ಟೋ ಹಳೆಯದು, ಶುಭದ ಗುರುತು ಎಂದು ಹೇಳಿ. ಅದನ್ನು ಕಂಡರೆ ಯಹೂದಿ ಗೆಳತಿಯ ಅಜ್ಜಿಯ ಎದೆ ಯಾಕೆ ನಡುಗೀತು ಎಂಬುದನ್ನೂ ಹೇಳಿ.

ಮಲಗುವ ಹೊತ್ತಿನಲ್ಲಿ ಈ ಮಾತು ತೆಗೆಯಬೇಡಿ. ರಜೆಯ ದಿನ ಬೆಳಗ್ಗೆ ಹೇಳಿ, ಆಮೇಲೆ ಇಡೀ ದಿನ ಅವಳ ಜೊತೆಗಿರಿ. ಮುಂದಿನ ಪ್ರಶ್ನೆ ಊಟದ ಮಧ್ಯೆ ಬಂದರೂ ಬರಬಹುದು.

– ಸಂಪಾದಕ