ಪುಸ್ತಕ ಓದಿದರೆ ಧರ್ಮಸಹಿಷ್ಣುತೆ ಬರುತ್ತದೆಯೇ?

ನಿಮ್ಮ ಪ್ರಶ್ನೆ ಇದು: ‘ಸರ್ವಜನಾಂಗದ ಶಾಂತಿಯ ತೋಟ ಅನ್ನುವುದು ಈಗ ವೇದಿಕೆಯ ಮಾತಾಗಿದೆ, ಸುದ್ದಿ ನೋಡಿದರೆ ಅದರಲ್ಲಿ ನಂಬಿಕೆ ಹುಟ್ಟುವುದಿಲ್ಲ. ಕನ್ನಡ ಪುಸ್ತಕಗಳನ್ನು ಓದುವವರಿಗೆ ಏನನ್ನಿಸುತ್ತದೆ? ಓದಿನಿಂದ ಏನಾದರೂ ಬದಲಾಗುತ್ತದೆಯೇ?’

ಬದಲಾಗುತ್ತದೆ. ಆದರೆ ಏನನ್ನು ಓದುತ್ತೀರಿ ಅನ್ನುವುದರ ಮೇಲೆ. ‘ನಾವೆಲ್ಲ ಒಂದೇ’ ಎಂದು ಸಾರುವ ಬರಹಗಳಿಂದ ನನಗೆ ಹೆಚ್ಚೇನೂ ದಕ್ಕಿಲ್ಲ. ಜಗಳವಾಯಿತು ಎಂದು ಒಪ್ಪಿಕೊಂಡು, ಅದನ್ನು ಹೇಗೆ ತೀರಿಸಿದರು ಎಂದು ಬರೆದಿಟ್ಟದ್ದೇ ನನ್ನ ತಿಳಿವನ್ನು ತಿದ್ದಿದ್ದು. ನಾನು ಹಾಸನ ಜಿಲ್ಲೆಯವನು, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಶ್ರವಣಬೆಳಗೊಳಕ್ಕೆ ಹೋದವರು ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬಸ್ಸು ಹಿಡಿಯುತ್ತಾರೆ. ಊರೊಳಗಿನ ಭಂಡಾರಿ ಬಸದಿಯಲ್ಲಿ 1368ರ ಶಾಸನವೊಂದಿದೆ, ಅದನ್ನು ನೋಡದೆ ಬರಬೇಡಿ. ಜೈನರಿಗೂ ಶ್ರೀವೈಷ್ಣವರಿಗೂ ತಕರಾರು ಹತ್ತಿ, ಜೈನರು ವಿಜಯನಗರದ ಬುಕ್ಕರಾಯನ ಬಳಿ ದೂರು ಒಯ್ದರು. ಶ್ರೀರಂಗ, ಕಂಚಿ, ತಿರುಪತಿ, ಮೇಲುಕೋಟೆಗಳ ಆಚಾರ್ಯರ, ಹಿರಿಯರ ಸಮ್ಮುಖದಲ್ಲಿ ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ಎರಡೂ ದರ್ಶನಗಳಿಗೆ ಭೇದವಿಲ್ಲ, ಪೂಜೆ-ಮೆರವಣಿಗೆಗಳ ಗೌರವಗಳಾದ ಪಂಚಮಹಾವಾದ್ಯಕ್ಕೂ ಕಳಶಕ್ಕೂ ಜೈನರು ಮೊದಲಿನಂತೆಯೇ ಹಕ್ಕುಳ್ಳವರು, ಅವರಿಗೆ ಹಾನಿಯಾದರೆ ಅದು ತಮಗೇ ಆದ ಹಾನಿ ಎಂದು ವೈಷ್ಣವರು ಕಾಪಾಡಬೇಕು ಎಂದು ಬರೆಸಿದ.

ಇಷ್ಟಕ್ಕೇ ನಿಂತಿದ್ದರೆ ಅದೂ ಒಂದು ಒಳ್ಳೆಯ ಭಾಷಣವಾಗುತ್ತಿತ್ತು. ಆದರೆ ಶಾಸನ ಮುಂದಕ್ಕೆ ಹೋಗಿ ಲೆಕ್ಕಕ್ಕೆ ಇಳಿಯುತ್ತದೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ‘ಹಣ’ (ಆ ಕಾಲದ ನಾಣ್ಯ) ಕೊಡಬೇಕು, ವೈಷ್ಣವರ ಹಿರಿಯ ತಿರುಮಲೆಯ ತಾತಯ್ಯ ಅದರಲ್ಲಿ ಬೆಳಗೊಳದ ದೇವರ ಮೈಗಾವಲಿಗೆ 20 ಆಳುಗಳನ್ನು ನೇಮಿಸಬೇಕು, ಮಿಕ್ಕ ಹಣದಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಈ ಕಟ್ಟಳೆ ಮುರಿದವನು ರಾಜದ್ರೋಹಿ. ದೂರು ಕೊಟ್ಟವರೇ ಕಾವಲಿನ ಖರ್ಚನ್ನೂ ಕೊಡಬೇಕಾಗಿ ಬಂದದ್ದು ಇವತ್ತಿನ ಕಣ್ಣಿಗೆ ನ್ಯಾಯವಾಗಿ ಕಾಣುವುದಿಲ್ಲ, ನಿಜ. ಆದರೆ ಹೊಣೆಯನ್ನು ಬಲವಿದ್ದ ಕಡೆಯ ಹಿರಿಯನಿಗೇ, ಅವನ ಹೆಸರು ಹಿಡಿದೇ ಕಟ್ಟಿದರಲ್ಲ, ಅದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಪರವಿಚಾರ, ಪರಧರ್ಮಗಳನ್ನು ಸೈರಿಸುವುದೇ ಸಂಪತ್ತು ಎಂದಿತ್ತು. ರಾಜ್ಯೋತ್ಸವದಲ್ಲಿ ಆ ಸಾಲನ್ನು ನಾವೆಲ್ಲ ಹೇಳುತ್ತೇವೆ. ಅದನ್ನು ಬರೆದು ಐನೂರು ವರ್ಷವಾದ ಮೇಲೂ 20 ಆಳು ಕಾವಲು ನಿಲ್ಲಬೇಕಾಯಿತು ಎಂಬುದನ್ನು ಅದರ ಜೊತೆಗೇ ಹೇಳಬೇಕು.

ಹಾವೇರಿ ಜಿಲ್ಲೆಯನ್ನೂ ನೋಡಿ. ಶಿಶುನಾಳ ಶರೀಫರೂ ಅವರ ಗುರು ಗೋವಿಂದ ಭಟ್ಟರೂ ನಡೆದಾಡಿದ ಸೀಮೆ ಅದು, ಅವರ ಕಥೆ ಹೇಳದ ಸೌಹಾರ್ದ ಸಭೆಯಿಲ್ಲ. ಅದೇ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ಗೆದ್ದು ಜಿನಬಿಂಬ ಒಡೆದದ್ದನ್ನು ಶಾಸನವೂ ಶಿಲ್ಪವೂ ಹೇಳುತ್ತವೆ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಕೇಳುವ ಹುಡುಗರು ನಮ್ಮನ್ನು ನಂಬುವುದಿಲ್ಲ. ‘ನಮ್ಮ ರಕ್ತದಲ್ಲೇ ಸೌಹಾರ್ದವಿದೆ’ ಅನ್ನುವ ಮಾತಿಗೆ ನಾನು ತಲೆಯಾಡಿಸದಿರುವುದು ಇದಕ್ಕೇ. ಮುಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ಗುಡಿ ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಅನ್ನುತ್ತದೆ ಐತಿಹ್ಯ. 2022ರ ಮಾರ್ಚ್‌ನಲ್ಲಿ ಅಲ್ಲಿಯ ಜಾತ್ರೆಗೇ ಮುಸ್ಲಿಂ ವ್ಯಾಪಾರಿಗಳು ಬರಬಾರದು ಎಂದು ಬ್ಯಾನರ್ ಕಟ್ಟಿದರು. ಐತಿಹ್ಯ ಎಲ್ಲರ ಬಾಯಲ್ಲಿತ್ತು, ಆದರೂ ಬಳೆ ಮಾರುವವನಿಗೆ ಒಂದು ಅಂಗಡಿ ಜಾಗ ಉಳಿಸಿಕೊಡಲು ಅದರಿಂದ ಆಗಲಿಲ್ಲ.

ಇನ್ನು ಪುಸ್ತಕದ ವಿಷಯ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು ಓದಿದ್ದೀರಾ? ಮಡಿಕೇರಿಯ ದೀಪಾ ಭಾಸ್ತಿ ಆಯ್ದು ಇಂಗ್ಲಿಷಿಗೆ ತಂದ 12 ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತು. ಕನ್ನಡಕ್ಕೆ ಅದೇ ಮೊದಲು, ಕಥಾಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಪ್ರಶಸ್ತಿಯ ಸಂಭ್ರಮ ಮುಗಿಯಿತು, ಈಗ ನಿಧಾನವಾಗಿ ಕಥೆಗಳನ್ನು ಓದಬಹುದು. ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಬಿಟ್ಟ ಹೆಣ್ಣೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಯ ಮುಂದೆ ಕೂರುತ್ತಾಳೆ, ಮಸೀದಿಯ ಆಡಳಿತ ನೋಡುವ ಮುತವಲ್ಲಿ ಕಿವಿಗೊಡುವುದಿಲ್ಲ. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಇದೇ ಕಥೆಯಿಂದ ಬಂದ ಸಿನಿಮಾ. ಆದರೆ ನಮ್ಮ ಮನೆಯಲ್ಲಿ ಹೆಚ್ಚು ಚರ್ಚೆಯಾದದ್ದು ಬೇರೊಂದು ಕಥೆ. ಹಜ್‌ಗೆ ಹೊರಟ ಶ್ರೀಮಂತೆ ಶಾಜಿಯಾಳನ್ನು ಬಡ ಮುದುಕಿ ಯಾಸೀನ್ ಬುವಾ ಕೇಳಿಕೊಳ್ಳುತ್ತಾಳೆ: ಮೆಕ್ಕಾದ ಪವಿತ್ರ ಜಮ್‌ಜಮ್ ನೀರಿನಲ್ಲಿ ಅದ್ದಿದ ಒಂದು ಕಫನ್ ಬಟ್ಟೆ, ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆ, ತಂದುಕೊಡಿ ಎಂದು. ಶಾಜಿಯಾ ಮೂಟೆಗಟ್ಟಲೆ ಸಾಮಾನು ತರುತ್ತಾಳೆ, ಬಟ್ಟೆ ಮಾತ್ರ ಮರೆಯುತ್ತಾಳೆ. ಮುದುಕಿ ಸತ್ತ ಮೇಲೆ ಮಗ ಬಂದು ಕಫನ್ ಕೇಳುತ್ತಾನೆ. ಅಮ್ಮನಿಗೆ ಇದನ್ನು ಓದಿ ಹೇಳಿದಾಗ ಅವರು ಧರ್ಮದ ಮಾತೇ ಎತ್ತಲಿಲ್ಲ. ಕಾಶಿಗೆ ಹೋಗುವವರ ಹತ್ತಿರ ಗಂಗಾಜಲ ತರಲು ಹೇಳಿ ಕಾದು ಕೂತ ಓಣಿಯ ಹೆಂಗಸರ ಪಟ್ಟಿ ಶುರುವಾಯಿತು, ಯಾರು ತಂದರು, ಯಾರು ಮರೆತೆ ಅಂದರು, ಯಾರು ಊರ ನಲ್ಲಿಯ ನೀರನ್ನೇ ತುಂಬಿ ಕೊಟ್ಟಿರಬಹುದು ಎಂಬ ಗುಮಾನಿ ಸಮೇತ. ಅಮ್ಮನಿಗೆ ಶಾಜಿಯಾಳ ಮೇಲೆ ಬಂದ ಸಿಟ್ಟು ಪಕ್ಕದ ಮನೆಯವಳ ಮೇಲಿನ ಸಿಟ್ಟಿನಂಥದ್ದೇ. ಟಿವಿ ಚರ್ಚೆಗಳಲ್ಲಿ ‘ಅವರು’ ಎಂದಷ್ಟೇ ಕರೆಸಿಕೊಳ್ಳುವ ಜನರಲ್ಲಿ ಒಬ್ಬಳ ಮೇಲೆ ಹೀಗೆ ಹಕ್ಕಿನಿಂದ ಸಿಟ್ಟಾಗುವಂತೆ ಮಾಡುವುದು ಕಥೆಗೆ ಮಾತ್ರ ಸಾಧ್ಯ ಎಂದು ನಾನು ನಂಬಿದ್ದೇನೆ.

ಬಾನು ಮುಷ್ತಾಕ್ ತಮ್ಮ ಮನೆಯೊಳಗಿನ ಅನ್ಯಾಯವನ್ನು ಬರೆದವರು. ಅದಕ್ಕೆ ಬೆಲೆಯನ್ನೂ ತೆತ್ತರು. ಹೆಂಗಸರಿಗೂ ಮಸೀದಿಯಲ್ಲಿ ನಮಾಜು ಮಾಡುವ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ಅವರಿಗೆ ಬಹಿಷ್ಕಾರ ಹಾಕಿದರು, ಒಬ್ಬ ಚಾಕು ಹಿಡಿದೂ ಬಂದ. ಕಾಲು ಶತಮಾನ ಕಳೆದು ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದಾಗ ವಿರೋಧ ಇನ್ನೊಂದು ದಿಕ್ಕಿನಿಂದ ಬಂತು. ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. 2025ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ಸಂವಿಧಾನದ ಪೀಠಿಕೆಯನ್ನು ನೆನಪಿಸಿ ಮೇಲ್ಮನವಿ ತಳ್ಳಿಹಾಕಿತು. 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ತಾಯಿಗೆ ಹೂವು ಅರ್ಪಿಸಿದರು. 2017ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಇದೇ ದಸರಾ ಉದ್ಘಾಟಿಸಿದಾಗ ಯಾರೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿರಲಿಲ್ಲ.

ವಿರೋಧಿಸಿದವರು ಮುಂದಿಟ್ಟದ್ದು ಬಾನು ಮುಷ್ತಾಕ್ ಅವರ 2023ರ ಒಂದು ಭಾಷಣ: ಕನ್ನಡವನ್ನು ಅರಿಶಿನ ಕುಂಕುಮದ ಭುವನೇಶ್ವರಿಯಾಗಿಸಿದಾಗ ತನ್ನಂಥವರು ಹೊರಗುಳಿಯುತ್ತಾರೆ ಎಂಬ ಮಾತು. ಅದರಲ್ಲಿ ನನಗೂ ಪೂರ್ತಿ ಒಪ್ಪಿಗೆಯಿಲ್ಲ, ಏಕೆಂದರೆ ಭುವನೇಶ್ವರಿಯ ಪಟದ ಮುಂದೆ ಕನ್ನಡ ಕಲಿತವರ ಪ್ರೀತಿಯೂ ಸುಳ್ಳಲ್ಲ. ಆದರೆ ‘ನನಗೆ ಜಾಗವೆಲ್ಲಿ?’ ಎಂದು ಕೇಳಿದವರನ್ನು ಕರೆದು ಜಾಗ ತೋರಿಸುವುದು ಉತ್ತರ. ಹೊರಗೇ ಇರು ಅಂದರೆ ಅವರ ದೂರು ಸರಿ ಎಂದು ನಾವೇ ಸಾಕ್ಷಿ ಹೇಳಿದಂತೆ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ನೀವು ಸುದ್ದಿ ನೋಡಿ ನಿರಾಶರಾಗಿದ್ದೀರಿ, ಅದಕ್ಕೆ ಒಂದು ಸಂಗತಿ ಸೇರಿಸುತ್ತೇನೆ. ಬೇಲೂರು ಚೆನ್ನಕೇಶವನ ರಥೋತ್ಸವದಲ್ಲಿ ದೊಡ್ಡಮೇದೂರಿನ ಖಾಜಿ ಕುರಾನ್ ಓದುವ ವಾಡಿಕೆಯಿದೆ. 2022ರಲ್ಲಿ ಅದನ್ನು ನಿಲ್ಲಿಸಿ ಎಂಬ ಕೂಗು ಎದ್ದಿತು. ಮುಜರಾಯಿ ಇಲಾಖೆ ವಾಡಿಕೆಯಂತೆ ನಡೆಸಿ ಎಂದಿತು, ಓದು ನಡೆಯಿತು, ತೇರೂ ಹೊರಟಿತು. ಆಮೇಲೂ ತಕರಾರು ಮುಗಿದಿಲ್ಲ. ಆದರೆ ಆ ವರ್ಷ ತೇರು ಎಳೆದ ಸಾವಿರಾರು ಕೈಗಳು ಯಾವ ಚಾನೆಲ್ಲಿನ ಚರ್ಚೆಗೂ ಬರಲಿಲ್ಲ. ನಾವು ನೋಡುವ ಸುದ್ದಿಯಲ್ಲಿ ಕೂಗಿದವರ ಲೆಕ್ಕವಿರುತ್ತದೆ, ಎಳೆದವರದ್ದಲ್ಲ.

ಎಲ್ಲಿಂದ ಓದಲಿ ಎಂದರೆ, ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಹಿಡಿಯಿರಿ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ತೆಳ್ಳಗಿನ ಪುಸ್ತಕ, ಬೇಗ ಮುಗಿಯುತ್ತದೆ, ಬೇಗ ಮನಸ್ಸಿನಿಂದ ಹೋಗುವುದಿಲ್ಲ. ಬೋಳುವಾರು ಮಹಮ್ಮದ್ ಕುಂಞಿಯವರ ಮುತ್ತುಪ್ಪಾಡಿಯ ಕಥೆಗಳಲ್ಲಿ ಕರಾವಳಿಯ ಒಂದು ಊರು ಪೂರ್ತಿ ಸಿಗುತ್ತದೆ. ಬುಕ್ಕರಾಯನ ಶಾಸನವನ್ನು ಮೂಲದಲ್ಲೇ ಓದುವ ಮನಸ್ಸಿದ್ದರೆ ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯ ಎರಡನೆಯ ಸಂಪುಟ ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ ನೋಡಿ. ಹಳೆಯ ಭಾಷೆಯೆಂದು ಹೆದರಬೇಡಿ, ಜೋರಾಗಿ ಓದಿಕೊಂಡರೆ ಅರ್ಧಕ್ಕಿಂತ ಹೆಚ್ಚು ತಾನಾಗಿಯೇ ತಿಳಿಯುತ್ತದೆ.