ಪೇಸ್ಟಲ್ ಎಂದರೆ ಸೀಮೆಸುಣ್ಣವಲ್ಲ

ಹಾಸನದ ಓದುಗರೊಬ್ಬರ ಪ್ರಶ್ನೆ: "ಪ್ರಾಗ್‌ನ ಹೆಲೆನಾ ಎಮಿಂಗೆರೋವಾ ಸೀಮೆಸುಣ್ಣದಲ್ಲಿ ಮುಖ ಬರೆದಾಕೆ. ನಿಮ್ಮ ಪತ್ರಿಕೆಯಲ್ಲಿ ಆಕೆಗೆ ನಾಲ್ಕು ಪುಟದ ಲೇಖನ ಬೇಕಿತ್ತೇ? ಗಟ್ಟಿ ಕಲಾವಿದೆಯಾದರೆ ತೈಲವರ್ಣದ ದೊಡ್ಡ ಕ್ಯಾನ್ವಾಸ್ ಎಲ್ಲಿ?"

ಸ್ವಾಮಿ, ತೈಲವರ್ಣದ ಆಳ ಬೇರೆಯೇ, ಒಪ್ಪಿದೆ. ಆದರೆ ಲೇಖನವನ್ನು ಇಷ್ಟು ಗಮನವಿಟ್ಟು ಓದಿದ ನೀವು ಪೇಸ್ಟಲ್ಲನ್ನು ಸೀಮೆಸುಣ್ಣ ಅನ್ನಬಾರದಿತ್ತು. ಪೇಸ್ಟಲ್ ಕಡ್ಡಿಯಲ್ಲಿರುವುದು ತೈಲವರ್ಣಕ್ಕೆ ಬಳಸುವ ಬಣ್ಣದ ಪುಡಿಯೇ. ಎಣ್ಣೆಯ ಬದಲು ಕಡ್ಡಿ ನಿಲ್ಲುವಷ್ಟೇ ಅಂಟು. ಪ್ಯಾಲೆಟ್ ಮೇಲೆ ಕಲಸುವ ಹಾಗಿಲ್ಲ, ಕೆನ್ನೆಯ ನೆರಳಿನ ಹಸಿರುಬೂದು ಕಾಗದದ ಮೇಲೆಯೇ ಹುಟ್ಟಬೇಕು. ಮೊದಲು ಗಟ್ಟಿ ಕಡ್ಡಿಯಲ್ಲಿ ನೆರಳು, ಆಮೇಲೆ ಮೆದು ಕಡ್ಡಿಯಲ್ಲಿ ಬೆಳಕು, ಕೊನೆಗೆ ಕಣ್ಣಿನ ಹೊಳಪಿಗೊಂದು ಚುಕ್ಕೆ. ಮೊದಲೇ ಮೆದು ಕಡ್ಡಿ ಒತ್ತಿದರೆ ಕಾಗದದ ತರಿ ತುಂಬಿಹೋಗಿ ಮುಂದಿನ ಬಣ್ಣ ಕೂರದೆ ಜಾರುತ್ತದೆ. ಬೆರಳಿನಿಂದ ಹೆಚ್ಚು ತೀಡಿದರೆ ಮುಖ ಮಂಕು. ಪುಡಿ ಉದುರದಿರಲೆಂದು ಫಿಕ್ಸೆಟಿವ್ ಎಂಬ ಅಂಟುದ್ರವ ಜೋರಾಗಿ ಸಿಂಪಡಿಸಿದಿರೋ, ತಿಳಿಬಣ್ಣಗಳೆಲ್ಲ ಕಪ್ಪಿಡುತ್ತವೆ. ಅದಕ್ಕೇ ಗಾಜು ಬೇಕು, ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂತರವೂ ಬೇಕು. ಗಾಜಿನ ಬದಲು ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆ ಹಾಕಿದರೆ ಅದು ಪುಡಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಇನ್ನು ದೊಡ್ಡ ಕ್ಯಾನ್ವಾಸ್. ಹೆಲೆನಾ ಹುಟ್ಟಿದ್ದು 1858ರಲ್ಲಿ. ಪ್ರಾಗ್ ಕಲಾ ಅಕಾಡೆಮಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1918ರಲ್ಲಿ ಚೆಕೊಸ್ಲೊವಾಕಿಯಾ ಹುಟ್ಟಿದ ಮೇಲೆ; ಅಷ್ಟೊತ್ತಿಗೆ ಆಕೆಗೆ ಅರವತ್ತು! ಮ್ಯೂನಿಕ್ ಅಕಾಡೆಮಿ ಬಾಗಿಲು ತೆರೆದದ್ದು 1920ರಲ್ಲಿ, ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ಎಕೋಲ್ ದೆ ಬೋಜಾರ್ 1897ರಲ್ಲಿ. ಪ್ಯಾರಿಸ್ಸಿನದೇ ಖಾಸಗಿ ಶಾಲೆ ಅಕಾಡೆಮಿ ಜೂಲಿಯನ್ ಮೊದಲೇ ಸೇರಿಸಿಕೊಳ್ಳುತ್ತಿತ್ತು, ಆದರೆ ಗಂಡಸರ ಎರಡರಷ್ಟು ಶುಲ್ಕಕ್ಕೆ. ಐತಿಹಾಸಿಕ ದೃಶ್ಯಗಳ ಕ್ಯಾನ್ವಾಸಿಗೆ ನಗ್ನ ಮಾದರಿಯ ಅಭ್ಯಾಸ ವರ್ಷಗಟ್ಟಲೆ ಬೇಕು. ಆ ತರಗತಿಗೇ ಬಿಡದೆ, ಯಾಕೆ ಬರೆಯಲಿಲ್ಲ ಅಂತ ಕೇಳುವುದು ನ್ಯಾಯವೇ? ಮುಖಚಿತ್ರಕ್ಕೆ ಎದುರಿಗೊಬ್ಬರು ಕೂತರೆ ಸಾಕು. ಪೇಸ್ಟಲ್ ಆದರೆ ಬಣ್ಣ ಒಣಗಲು ಕಾಯುವ ಕೆಲಸವಿಲ್ಲ. ಚಡಪಡಿಸುವ ಮಗುವಿನ ಮುಖವನ್ನೂ ಹಿಡಿಯಬಹುದು. ಹೆಲೆನಾ ಫಲಕದಿಂದ ಅಚ್ಚೊತ್ತುವ ಗ್ರಾಫಿಕ್ ಚಿತ್ರಗಳನ್ನೂ ಮಾಡಿದಾಕೆ, ಅದನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ.

ಪೇಸ್ಟಲ್ ಚಿತ್ರಗಳನ್ನು ಸಂಗ್ರಹಾಲಯಗಳಲ್ಲಿ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಆಸುಪಾಸಿನ ಮಂದ ಬೆಳಕಿನಲ್ಲಿ ಸ್ವಲ್ಪ ಕಾಲವಷ್ಟೇ ತೂಗುಹಾಕುತ್ತಾರೆ, ಮಿಕ್ಕಂತೆ ಅವು ಕತ್ತಲಲ್ಲಿ. ಅಲುಗಿದರೆ ಪುಡಿ ಉದುರುತ್ತದೆಂದು ಬೇರೆ ಊರಿನ ಪ್ರದರ್ಶನಕ್ಕೆ ಕಳಿಸಲೂ ಹಿಂಜರಿಕೆ. ಹೀಗಾಗಿ ವರ್ಷವಿಡೀ ಗೋಡೆಯ ಮೇಲೆ ಕಾಣುವುದು ತೈಲವರ್ಣವೇ, ಕಲೆಯ ಬಗ್ಗೆ ಲೇಖನ ಬರೆಯುವವರ ಕಣ್ಣಿಗೆ ಬೀಳುವುದೂ ಅದೇ. ಹೀಗೆ ಮರೆಗೆ ಸರಿದ ಇನ್ನೊಬ್ಬ ಚೆಕ್ ಕಲಾವಿದೆ ಅಮಾಲಿಯೆ ಮಾನೆಸೋವಾ. ಆಕೆ ನಿಸರ್ಗಚಿತ್ರ ಬರೆದಳು, ಹೆಣ್ಣುಮಕ್ಕಳಿಗೆ ಚಿತ್ರಕಲೆ ಕಲಿಸಿದಳು. ಇವತ್ತಿಗೂ ಆಕೆಯ ಪರಿಚಯ "ಚಿತ್ರಕಾರ ಜೋಸೆಫ್ ಮಾನೆಸ್‌ನ ಅಕ್ಕ" ಎಂದೇ ಶುರುವಾಗುತ್ತದೆ. ಮುಂದಿನ ಸಂಚಿಕೆಯ ನಾಲ್ಕು ಪುಟ ಆಕೆಗೆ.